ನಂದಿಯ ತಪ್ಪಲಿನ ದ್ರಾಕ್ಷಾವನಗಳಲ್ಲಿ ಒಂದು ದಿನ

ಕಾವ್ಯದ ಪಾಕವನ್ನು ವಿವರಿಸುವಾಗ ನಮ್ಮ ಆಲಂಕಾರಿಕರು ದ್ರಾಕ್ಷಾಪಾಕ, ಕದಳೀಪಾಕ, ನಾರಿಕೇಳಪಾಕ ಎಂದು ಮೂರು ಬಗೆಗಳನ್ನು ಹೇಳುವರಷ್ಟೆ. ಬಾಯಲ್ಲಿಟ್ಟೊಡನೆ ರಸ ಸುರಿಸುವುದು ದ್ರಾಕ್ಷೆ. ಸಿಪ್ಪೆ ಸುಲಿದು ತಿನ್ನಬೇಕಾದುದು ಬಾಳೆ. ಒಡೆದು ಕೆರೆದು ಕಷ್ಟದಿಂದ ಪಡೆಯಬೇಕಾದುದು ತೆಂಗು. ಈ ಪಾಠವನ್ನು ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಹೇಳಿದೆವು. ಬಾಳೆಯನ್ನೂ ತೆಂಗನ್ನೂ ಹಿತ್ತಲಿನಲ್ಲಿ ಕಂಡು ಬೆಳೆದವರು ನಾವು; ಆದರೆ ದ್ರಾಕ್ಷೆಯನ್ನು ತಳ್ಳುವ ಗಾಡಿಯ ಮೇಲೆ ಕಂಡಿದ್ದೆವೇ ಹೊರತು ಬಳ್ಳಿಯ ಮೇಲೆ ಕಂಡವರಲ್ಲ. ಬೆಂಗಳೂರಿನ ಹೆಸರನ್ನೇ ಹೊತ್ತ ದ್ರಾಕ್ಷೆಯೊಂದು ನಮ್ಮ ನಾಗಸಂದ್ರದಿಂದ ಒಂದೆರಡು ಗಂಟೆಯ ದಾರಿಯಲ್ಲಿಯೇ ಬೆಳೆಯುತ್ತಿರುವಾಗ ಇಂಥ ಅಜ್ಞಾನಕ್ಕೆ ಏನು ಸಮಾಧಾನ ಹೇಳುವುದು?

ಈ ಅಜ್ಞಾನವನ್ನು ನೀಗಿಸಿದವನು ನಮ್ಮ ಹಳೆಯ ಶಿಷ್ಯನೊಬ್ಬ. ಅವನ ತಂದೆಗೆ ನಂದಿಬೆಟ್ಟದ ತಪ್ಪಲಿನಲ್ಲಿ ನಾಲ್ಕು ಎಕರೆ ದ್ರಾಕ್ಷೆಯ ತೋಟ. ಶಿಷ್ಯನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತ ನಮ್ಮ ಬೀದಿಯ ಹಿಂದಿನ ಬೀದಿಯಲ್ಲಿ ಸಂಸಾರ ಹೂಡಿರುವನು. ಕಳೆದ ಮಾಘಮಾಸದ ಒಂದು ಸಂಜೆ ಅವನು ಮನೆಗೆ ಬಂದು, “ಮೇಷ್ಟ್ರೇ, ಬಡಾವಣೆ ಮಾಡುವವರು ಜಮೀನು ಕೇಳುತ್ತಿದ್ದಾರೆ. ಯುಗಾದಿಯೊಳಗೆ ಮಾತು ಮುಗಿಸಬೇಕಂತೆ. ಅಪ್ಪ ಒಪ್ಪುತ್ತಿಲ್ಲ. ನಿಮ್ಮ ಮಾತಾದರೆ ಕೇಳುತ್ತಾರೆ” ಎಂದನು. ನಾವು ಸುಮ್ಮನಿದ್ದೆವು. ಅವನು ಮತ್ತೆ, “ನೀವು ಸುಮ್ಮನೆ ಹೇಳುವುದು ಬೇಡ. ದಾರಿಯಲ್ಲಿ ವೈನ್ ತಯಾರಿಸುವ ದೊಡ್ಡ ತೋಟವಿದೆ. ಅದನ್ನೂ ನೋಡಿ, ನಮ್ಮ ತೋಟವನ್ನೂ ನೋಡಿ. ದ್ರಾಕ್ಷೆಯನ್ನು ನಂಬಿ ಒಬ್ಬರು ಹೇಗೆ ನಿಂತರು, ನಾವು ಏಕೆ ನಿಲ್ಲಲಾರೆವು ಎಂಬುದು ನಿಮಗೇ ತಿಳಿಯುತ್ತದೆ” ಎಂದನು.

ಮದ್ಯ ತಯಾರಿಸುವ ಸ್ಥಳಕ್ಕೆ ಹೋಗುವುದೆಂದರೆ ನಮಗೆ ಸಂಕೋಚವಾದುದು ಸಹಜವೇ. ಕಚನ ಬೂದಿಯನ್ನು ಮದ್ಯದೊಡನೆ ಕುಡಿದು ಮೋಸಹೋದ ಶುಕ್ರಾಚಾರ್ಯನು ಮದ್ಯಪಾನಕ್ಕೆ ಕೊಟ್ಟ ಶಾಪದ ಕಥೆಯನ್ನು ಎಷ್ಟು ಸಲ ತರಗತಿಯಲ್ಲಿ ಹೇಳಿರುವೆವೋ ಲೆಕ್ಕವಿಲ್ಲ. ನಮ್ಮ ಮನೆಯವರು ಮಾತ್ರ ನಕ್ಕು, “ಸೊಸೆಯ ಬಾಣಂತನಕ್ಕೆ ತಂದ ದ್ರಾಕ್ಷಾಸವದ ಶೀಷೆ ಇನ್ನೂ ಬೀರುವಿನಲ್ಲಿದೆ. ಅದರ ಮೇಲೆ ಬರೆದುದನ್ನು ಓದಿ ನೋಡಿ” ಎಂದರು. ಓದಿದೆವು. ಆಸವಾರಿಷ್ಟಗಳಲ್ಲಿ ಹುಳಿಯುವಾಗ ತಾನಾಗಿಯೇ ಹುಟ್ಟುವ ಮದ್ಯಾಂಶವಿರುವುದೆಂದು ಅದರ ಮೇಲೆಯೇ ಅಚ್ಚಾಗಿದ್ದಿತು. ದ್ರಾಕ್ಷೆಯ ಕಷಾಯಕ್ಕೆ ಬೆಲ್ಲವನ್ನೂ ಧಾತಕೀಪುಷ್ಪವನ್ನೂ ಸೇರಿಸಿ ಮುಚ್ಚಿಡುವ ಪದ್ಧತಿ ನಮ್ಮ ವೈದ್ಯರದು. ರಸವನ್ನು ಹಾಗೆಯೇ ಪೀಪಾಯಿಯಲ್ಲಿಡುವುದು ಯುರೋಪಿನವರದು. ಔಷಧವು ಔಷಧವೇ, ಮದ್ಯವು ಮದ್ಯವೇ. ಆದರೂ ನೋಡುವುದರಿಂದ ದೋಷವೇನೂ ಇಲ್ಲವೆಂದು ಮನಸ್ಸು ಗಟ್ಟಿಮಾಡಿಕೊಂಡು, ಶಿವರಾತ್ರಿಗೆ ಒಂದು ವಾರವಿರುವಾಗ ಒಂದು ಭಾನುವಾರ ಬೆಳಗ್ಗೆ ಆರು ಗಂಟೆಗೆ ಶಿಷ್ಯನ ಮೋಟಾರಿನಲ್ಲಿ ದಂಪತಿಗಳಿಬ್ಬರೂ ಹೊರಟೆವು.

ತುಮಕೂರು ರಸ್ತೆಯ ಮೇಲೆ ಮೆಟ್ರೋ ರೈಲಿನ ಕಂಬಗಳ ಕೆಳಗೆ ಆ ಹೊತ್ತಿಗಾಗಲೇ ಲಾರಿಗಳ ಸಾಲು ನಿಂತಿದ್ದಿತು. 2015ರಲ್ಲಿ ರೈಲು ನಾಗಸಂದ್ರದವರೆಗೆ ಬಂದಾಗ ಊರಿನ ಕೊನೆ ಇದೇ ಎಂದು ನಾವು ತಿಳಿದಿದ್ದೆವು. 2024ರ ನವೆಂಬರಿನಲ್ಲಿ ಅದು ಮಾದಾವರಕ್ಕೆ ಮುಂದುವರಿಯಿತು. ಊರಿನ ಕೊನೆಯೆಂಬುದು ದಿಗಂತದಂತೆ. ನಾವು ಸಮೀಪಿಸಿದಷ್ಟೂ ಅದು ಮುಂದೆ ಸರಿಯುವುದು. ಎಂಟನೆಯ ಮೈಲಿಯ ಬಳಿ ಉತ್ತರಕ್ಕೆ ತಿರುಗಿ, ಚಿಕ್ಕಬಾಣಾವರವನ್ನು ದಾಟಿ ಹೆಸರಘಟ್ಟದ ದಾರಿಯನ್ನು ಹಿಡಿದೆವು.

ನಮ್ಮ ಅಂದಿನ ಪ್ರಯಾಣವು ಒಂದು ನದಿಯ ಮೂಲವನ್ನು ಅರಸಿ ಹೋದಂತೆಯೇ ಆಯಿತು. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಸೀಮೆಯನ್ನು ಹಾದು, ಹೆಸರಘಟ್ಟ ತಿಪ್ಪಗೊಂಡನಹಳ್ಳಿಗಳ ಮೂಲಕ ರಾಮನಗರ ಕನಕಪುರಗಳಿಗೆ ಇಳಿದು, ಕೊನೆಗೆ ಸಂಗಮದಲ್ಲಿ ಕಾವೇರಿಯನ್ನು ಸೇರುವ ಅರ್ಕಾವತಿಯೇ ಆ ನದಿ. ಶೇಷಾದ್ರಿ ಅಯ್ಯರವರು ದಿವಾನರಾಗಿದ್ದ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಜಲಾಶಯವನ್ನು ಕಟ್ಟಿ ಬೆಂಗಳೂರಿಗೆ ಕೊಳಾಯಿಯ ನೀರನ್ನು ತಂದರು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಈಗ ಬೆಂಗಳೂರಿಗೆ ಕುಡಿಯುವ ನೀರು ಮುಖ್ಯವಾಗಿ ಕಾವೇರಿಯಿಂದ ಬರುವುದು. ಒಂದು ಕಾಲದಲ್ಲಿ ಊರಿಗೆ ನೀರುಣಿಸಿದ ಅರ್ಕಾವತಿಯ ಪಾತ್ರದಲ್ಲಿ ನಾವು ಅಂದು ಕಂಡದ್ದು ಜಾಲಿಯ ಪೊದೆಗಳನ್ನು ಮಾತ್ರ.

ಆದರೆ ನದಿಯ ಹೆಸರು ಮಾತ್ರ ಬತ್ತಿಲ್ಲ. ಹೆಸರಘಟ್ಟದ ಸಮೀಪದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ತಾವು ಹುಟ್ಟಿಸಿದ ತಳಿಗಳಿಗೆ ಆ ನದಿಯ ಹೆಸರಿನ ಮೊದಲ ಭಾಗವಾದ ‘ಅರ್ಕಾ’ ಎಂಬುದನ್ನು ಸೇರಿಸಿ ಕರೆಯುವರು. ದ್ರಾಕ್ಷೆಯಲ್ಲಿಯೂ ಅಂಥ ತಳಿಗಳು ಹಲವಿರುವುವು. ಬೆಂಗಳೂರು ನೀಲಿ ದ್ರಾಕ್ಷೆಯನ್ನು ಬ್ಲಾಕ್ ಚಂಪಾ ಎಂಬುದರೊಡನೆ ಕೂಡಿಸಿ ಪಡೆದುದು ಅರ್ಕಾ ಶ್ಯಾಮ. ವೈನ್ ತಯಾರಿಸಲು ತಕ್ಕುದೆಂದು ಹೇಳಿದ ಒಂದಕ್ಕೆ ಅರ್ಕಾ ಸೋಮ ಎಂದು ಹೆಸರು. ವೇದದ ಸೋಮವು ದ್ರಾಕ್ಷೆಯಲ್ಲವೆಂದು ವಾದಿಸಲು ನಮ್ಮ ನಾಲಿಗೆ ತುರಿಸಿತಾದರೂ, ಮೋಟಾರಿನಲ್ಲಿ ಕೇಳುವವರು ಯಾರೂ ಇರಲಿಲ್ಲವಾದುದರಿಂದ ಸುಮ್ಮನಾದೆವು.

ರಾಜಾನುಕುಂಟೆಯನ್ನು ಹಾದು ದೊಡ್ಡಬಳ್ಳಾಪುರವನ್ನು ಸೇರಿ, ದೇವನಹಳ್ಳಿಯ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ರಘುನಾಥಪುರ. ಇಲ್ಲಿಯೇ ಗ್ರೋವರ್ ಜಾಂಪಾ ಎಂಬ ಸಂಸ್ಥೆಯ ದ್ರಾಕ್ಷಾವನವೂ ವೈನಿನ ಕಾರ್ಖಾನೆಯೂ ಇರುವುದು. ಮೊದಲೇ ತಿಳಿಸಿ ಹೋದವರಿಗೆ ತೋಟವನ್ನೂ ಕಾರ್ಖಾನೆಯನ್ನೂ ಸುತ್ತಿ ತೋರಿಸುವ ಏರ್ಪಾಡಿರುವುದು. ಭಾರತದ ದ್ರಾಕ್ಷಾಮದ್ಯವೆಂದರೆ ಮಹಾರಾಷ್ಟ್ರದ ನಾಸಿಕವನ್ನೇ ಎಲ್ಲರೂ ಹೆಸರಿಸುವರು. ನಂದಿಯ ಈ ಕಣಿವೆಯ ಹೆಸರನ್ನು ಬೆಂಗಳೂರಿನವರೇ ಅಷ್ಟಾಗಿ ಕೇಳಿಲ್ಲ. ಹೀಗಿದ್ದರೂ ಇಲ್ಲಿಯ ಉದ್ಯಮವು ಹೊಸದಲ್ಲ. ವ್ಯಾಪಾರದ ಕಾರ್ಯಕ್ಕಾಗಿ ಫ್ರಾನ್ಸಿಗೆ ಹೋಗಿ ಬರುತ್ತಿದ್ದ ಕನ್ವಲ್ ಗ್ರೋವರ್ ಎಂಬವರು, ಶಾಂಪೇನ್ ಪ್ರಾಂತದ ಜಾರ್ಜ್ ವೆಸೆಲ್ ಎಂಬ ತಜ್ಞರ ನೆರವಿನಿಂದ ಫ್ರೆಂಚ್ ತಳಿಗಳನ್ನು ನಮ್ಮ ದೇಶದ ಮಣ್ಣಿನಲ್ಲಿ ಪರೀಕ್ಷಿಸಿ, 1988ರಲ್ಲಿ ಈ ಸ್ಥಳವನ್ನು ಆರಿಸಿಕೊಂಡರು. ಅನಂತರ ಬೋರ್ಡೋ ಪ್ರಾಂತದ ಪ್ರಸಿದ್ಧ ತಜ್ಞ ಮಿಷೆಲ್ ರೊಲಾನ್ ಎಂಬವರ ಸಲಹೆಯೂ ದೊರೆಯಿತು. 2012ರಲ್ಲಿ ನಾಸಿಕದ ಕಡೆಯ ಇನ್ನೊಂದು ಸಂಸ್ಥೆಯೊಡನೆ ಕೂಡಿದ ಮೇಲೆ ಈಗಿನ ಹೆಸರು ಬಂದಿತು.

ಈ ಸ್ಥಳವನ್ನೇ ಏಕೆ ಆರಿಸಿದರು? ದ್ರಾಕ್ಷೆಗೆ ಕಾಲಲ್ಲಿ ನೀರು ನಿಲ್ಲಬಾರದು. ಇಲ್ಲಿಯ ಕೆಂಪು ಮರಳುಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲಿ ಹಗಲು ಬಿಸಿಲು ಕಾದರೂ ಇರುಳು ತಂಪು. ಹಗಲಿನ ಬಿಸಿಲಿನಿಂದ ಹಣ್ಣಿಗೆ ಸಕ್ಕರೆ ಕೂಡಿದರೆ ಇರುಳಿನ ತಂಪಿನಿಂದ ಅದರ ಹುಳಿ ಉಳಿಯುವುದು. ಈ ಎರಡರ ಸಮತೆಯೇ ವೈನಿನ ಜೀವವೆಂದು ತೋಟವನ್ನು ತೋರಿಸಿದ ತರುಣರು ಹೇಳಿದರು.

ಆಮೇಲೆ ಅವರು ಹೇಳಿದ ಮಾತು ನಮಗೆ ಹೆಚ್ಚು ಸೋಜಿಗವನ್ನುಂಟುಮಾಡಿತು. ಯುರೋಪಿನಲ್ಲಿ ಚಳಿಗಾಲ ಬಂದೊಡನೆ ದ್ರಾಕ್ಷೆಯ ಬಳ್ಳಿ ಎಲೆ ಉದುರಿಸಿ ನಿದ್ರಿಸುವುದು. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಆದುದರಿಂದ ಬಳ್ಳಿಗೆ ನಿದ್ರೆಯೂ ಇಲ್ಲ. ಅದನ್ನು ಕತ್ತರಿಯ ಮೂಲಕವೇ ಕಾಲದ ಕಟ್ಟಿಗೆ ತರಬೇಕು. ಕೊಯ್ಲಾದ ಮೇಲೆ ಏಪ್ರಿಲ್ ಸುಮಾರಿಗೆ ಒಮ್ಮೆ ಸವರಿದರೆ ಕಡ್ಡಿ ಬೆಳೆದು ಗಟ್ಟಿಯಾಗುವುದು. ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಮ್ಮೆ ಸವರಿದರೆ ಹೂ ಬಿಟ್ಟು ಕಾಯಿ ಕಚ್ಚುವುದು. ಫೆಬ್ರವರಿ ಮಾರ್ಚ್ ತಿಂಗಳುಗಳಲ್ಲಿ ಕೊಯ್ಲು. ನಾವು ಹೋದಾಗ ಶಿರಾಜ್ ಎಂಬ ಕಪ್ಪು ದ್ರಾಕ್ಷೆ ತೂಗುತ್ತಿದ್ದಿತು. ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸದೆ ತಂತಿಗಳ ಮೇಲೆ ಬೇಲಿಯಂತೆ ನಿಲ್ಲಿಸಿದ್ದರು. ಒಂದು ಹಣ್ಣನ್ನು ಬಾಯಲ್ಲಿಟ್ಟೆವು: ಗಾತ್ರದಲ್ಲಿ ಕಾರೆಹಣ್ಣಿನಷ್ಟು, ಸಿಪ್ಪೆ ದಪ್ಪ, ಬೀಜ ಒಗರು, ರಸ ಮಾತ್ರ ಅತಿ ಸಿಹಿ. ಆಲಂಕಾರಿಕರು ಮನಸ್ಸಿನಲ್ಲಿಟ್ಟುಕೊಂಡ ದ್ರಾಕ್ಷೆ ಇದಾಗಿರಲಾರದು!

ಬಳ್ಳಿಯ ಬುಡದ ಹತ್ತಿರ ಗಂಟಿನಂಥ ಗುರುತೊಂದಿದ್ದಿತು. ಅದು ಕಸಿ ಮಾಡಿದ ಸ್ಥಳ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಬೇರು ತಿನ್ನುವ ಹೇನೊಂದು ಫ್ರಾನ್ಸಿನ ದ್ರಾಕ್ಷಾವನಗಳನ್ನು ಹಾಳುಮಾಡಿತು. ಪರಿಹಾರವೂ ಅಮೆರಿಕದಿಂದಲೇ ಬಂದಿತು: ಆ ಹೇನನ್ನು ತಡೆಯಬಲ್ಲ ಅಮೆರಿಕದ ಕಾಡುದ್ರಾಕ್ಷೆಯ ಬೇರಿನ ಮೇಲೆ ಫ್ರಾನ್ಸಿನ ಕುಡಿಯನ್ನು ಕಸಿ ಮಾಡಿದರು. ನಮ್ಮ ದೇಶದ ತೋಟಗಳಲ್ಲಿಯೂ ಉಪ್ಪುನೀರನ್ನೂ ಬರವನ್ನೂ ತಾಳಲೆಂದು ಅಂಥ ಬೇರುಗಳನ್ನೇ ಬಳಸುವರು. ಬೇರು ಅಮೆರಿಕದ್ದು, ಕುಡಿ ಫ್ರಾನ್ಸಿನದು, ಮಣ್ಣು ನಂದಿಯದು.

ಕಾರ್ಖಾನೆಯ ಒಳಗೆ ಹೋದೊಡನೆ ಹುಳಿಯುವ ಹಣ್ಣಿನ ವಾಸನೆ. ಬಿಳಿಯ ವೈನಿಗೆ ಹಣ್ಣನ್ನು ಮೊದಲೇ ಹಿಂಡಿ, ಸಿಪ್ಪೆಯನ್ನು ಬೇರ್ಪಡಿಸಿ, ರಸವನ್ನು ಮಾತ್ರ ತಂಪಾದ ಉಕ್ಕಿನ ತೊಟ್ಟಿಗಳಲ್ಲಿ ಹುಳಿಯಿಸುವರು. ಕೆಂಪು ವೈನಿಗೆ ಸಿಪ್ಪೆಯೊಡನೆಯೇ ಹುಳಿಯಿಸುವರು. ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ. ಕಪ್ಪು ದ್ರಾಕ್ಷೆಯ ರಸವೂ ಬಹುಮಟ್ಟಿಗೆ ಬಣ್ಣವಿಲ್ಲದ್ದೆಂಬುದು ನಮಗೆ ಅಂದೇ ತಿಳಿದುದು. ಯೀಸ್ಟ್ ಎಂಬ ಸೂಕ್ಷ್ಮಜೀವಿಯು ಸಕ್ಕರೆಯನ್ನು ತಿಂದು ಮದ್ಯಾಂಶವನ್ನೂ ಅಂಗಾರಾಮ್ಲವಾಯುವನ್ನೂ ಬಿಡುವುದು. ಕೌಟಿಲ್ಯನು ಸುರಾಧ್ಯಕ್ಷನ ಪ್ರಕರಣದಲ್ಲಿ ಮದ್ಯವನ್ನು ಹುಳಿಯಿಸುವ ವಸ್ತುವಿಗೆ ‘ಕಿಣ್ವ’ ಎಂದು ಹೆಸರಿಟ್ಟಿರುವನು. ಈಗಿನ ವಿಜ್ಞಾನದ ಪುಸ್ತಕಗಳಲ್ಲಿ ಆ ಮಾತಿಗೆ ಬೇರೆಯ ಅರ್ಥವನ್ನು ಕೊಟ್ಟಿರುವರು. ಆ ತೊಟ್ಟಿಯ ಎದುರಿಗೆ ನಿಂತಾಗ ಮೂಲದ ಅರ್ಥವು ನಮ್ಮ ಕಿವಿಗೆ ಕೇಳುವಂತೆ ಗುಳುಗುಳು ಎನ್ನುತ್ತಿದ್ದಿತು. ಮುಂದೆ ಓಕ್ ಮರದ ಪೀಪಾಯಿಗಳ ಕೋಣೆ. ದೇವಸ್ಥಾನದ ಗರ್ಭಗೃಹದಂತೆ ತಂಪು, ಮಬ್ಬು. ಕೆಲವು ಕೆಂಪು ವೈನುಗಳು ಇಲ್ಲಿ ತಿಂಗಳುಗಟ್ಟಲೆ ಮಾಗುವುವು.

ಕೊನೆಗೆ ರುಚಿ ನೋಡುವ ಮೇಜು. ಬಂದಿದ್ದವರು ಬಹುಮಂದಿ ಬೆಂಗಳೂರಿನ ತರುಣ ದಂಪತಿಗಳು. ನಮ್ಮ ಮುಂದೆಯೂ ಒಂದು ಬಟ್ಟಲನ್ನಿಟ್ಟರು. ನಾವು ಕುಡಿಯುವುದಿಲ್ಲವೆಂದೆವು. ಅವರು ಒತ್ತಾಯಿಸಲಿಲ್ಲ, “ಪರಿಮಳವನ್ನಾದರೂ ನೋಡಿ” ಎಂದರು. ನೋಡಿದೆವು: ಕರಿಮೆಣಸು, ನೇರಿಳೆಹಣ್ಣು, ಒದ್ದೆಯಾದ ಮರ. ಸತ್ಯವನ್ನು ಹೇಳುವುದಾದರೆ ಆ ಪರಿಮಳ ನಮಗೆ ಹಿತವಾಗಿಯೇ ಇದ್ದಿತು. ಆದರೆ ಬಟ್ಟಲು ಎಷ್ಟೇ ನಾಜೂಕಾಗಿದ್ದರೂ ಒಳಗಿರುವುದು ನೂರಕ್ಕೆ ಹನ್ನೆರಡು ಹದಿಮೂರು ಪಾಲು ಮದ್ಯಾಂಶವಿರುವ ಪಾನೀಯ. ಕುಡಿತದಿಂದ ಹಾಳಾದ ಮನೆಗಳ ಮಕ್ಕಳು ಪುಸ್ತಕವಿಲ್ಲದೆ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತುದನ್ನು ವರ್ಷ ವರ್ಷವೂ ಕಂಡವರು ನಾವು. ಗೃಹಸ್ಥರಾದ ವಾಚಕರಿಗೆ ಇದಕ್ಕಿಂತ ಹೆಚ್ಚಾಗಿ ಹೇಳಬೇಕಾದುದಿಲ್ಲ.

ಅಲ್ಲಿಂದ ಹೊರಟು ನಂದಿಯ ದಿಕ್ಕಿಗೆ ಹೋಗುತ್ತ, ಹಳ್ಳಿಯೊಂದರ ಹೊರಗಿರುವ ಚಿಕ್ಕ ವೈನರಿಯೊಂದನ್ನು ಕಂಡೆವು. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷೆಯ ಸಂಸ್ಕರಣೆಗೂ ವೈನಿಗೂ ಪ್ರತ್ಯೇಕ ನೀತಿಯನ್ನು ಹೊರಡಿಸಿ ವೈನ್ ಮಂಡಳಿಯನ್ನು ಸ್ಥಾಪಿಸಿದ ಮೇಲೆ ಇಂಥವು ಕೆಲವು ತಲೆಯೆತ್ತಿದುವು. ಇಲ್ಲಿ ಪೀಪಾಯಿಯ ಕೋಣೆಯೂ ಇಲ್ಲ, ರುಚಿಯ ಮೇಜೂ ಇಲ್ಲ. ತಗಡಿನ ಮಾಡಿನ ಕೆಳಗೆ ನಾಲ್ಕಾರು ತೊಟ್ಟಿಗಳು, ಅಂಗಳದಲ್ಲಿ ಕ್ರೇಟುಗಳು. ಅವುಗಳಲ್ಲಿದ್ದುದೇ ನಮ್ಮ ಬೆಂಗಳೂರು ನೀಲಿ. ಇದರಿಂದ ಸಿಹಿಯಾದ ವೈನನ್ನು ಮಾಡುವರು. ಬೇರೆಡೆಗಳಲ್ಲಿ ಪಾನಕ, ಜಾಮುಗಳಿಗೂ ಇದೇ ಹಣ್ಣು. ಅಲ್ಲಿದ್ದ ಮೇಲ್ವಿಚಾರಕರು, “ಪೇಟೆಯಲ್ಲಿ ಬೆಲೆಯಿದ್ದಾಗ ರೈತ ನಮಗೆ ಕೊಡುವುದಿಲ್ಲ, ಪೇಟೆ ಬಿದ್ದಾಗ ಎಲ್ಲರೂ ಇಲ್ಲಿಗೇ ತರುತ್ತಾರೆ, ನಮ್ಮ ತೊಟ್ಟಿ ಇರುವುದೇ ಇಷ್ಟು” ಎಂದರು. ಶಿಷ್ಯನು ನಮ್ಮ ಮುಖವನ್ನು ನೋಡಿದನು. ಹಿಂದೊಮ್ಮೆ ಬೇರೊಂದು ಕಡೆ ತನ್ನ ತಂದೆಯ ಹಣ್ಣನ್ನು ಮಳೆಯಲ್ಲಿ ಎರಡು ದಿನ ನಿಲ್ಲಿಸಿ, ಬಿರುಕುಬಿಟ್ಟಿದೆಯೆಂದು ಹಿಂದಕ್ಕೆ ಕಳುಹಿಸಿದ್ದರೆಂದು ಅವನು ದಾರಿಯಲ್ಲಿ ಹೇಳಿದ್ದನು.

ಮಧ್ಯಾಹ್ನ ಒಂದು ಗಂಟೆಗೆ ಅವರ ತೋಟವನ್ನು ಸೇರಿದೆವು. ಕಲ್ಲುಕಂಬಗಳ ಮೇಲೆ ಆಳೆತ್ತರದ ಚಪ್ಪರ. ಅದರ ಕೆಳಗೆ ಹೊಕ್ಕರೆ ಹಸಿರು ನೆರಳು. ತಲೆಗೆ ತಾಗುವಂತೆ ನೀಲಿಗಪ್ಪಾದ ಗೊಂಚಲುಗಳು, ಮೇಲೆ ಬೂದಿ ಎರಚಿದಂಥ ಹೊದಿಕೆ. ಪರಿಮಳವೋ, ಮಾವಿನ ಸುಗ್ಗಿಯಲ್ಲಿ ಮಾವಿನ ಮಂಡಿ ಇದ್ದಂತೆ, ತೋಟಕ್ಕೆ ಬರುವ ಮೊದಲೇ ಮೂಗಿಗೆ ತಿಳಿಯುವುದು. ಈ ಹಣ್ಣಿನ ಸಿಪ್ಪೆ ಒಳಗಿನ ತಿರುಳಿನಿಂದ ಸುಲಭವಾಗಿ ಜಾರುವುದು. ಬೀಜವುಂಟು, ಹುಳಿಯುಂಟು, ರೋಗವನ್ನು ತಡೆಯುವ ಗಟ್ಟಿತನವುಂಟು. ಸವರುವ ಕಾಲವನ್ನು ಹೊಂದಿಸಿಕೊಂಡರೆ ವರ್ಷಕ್ಕೆ ಎರಡು ಫಸಲು ಕೊಡುವುದು. ಇದರ ಮೂಲವೂ ಇಲ್ಲಿಯದಲ್ಲ. ಅಮೆರಿಕದ ದ್ರಾಕ್ಷೆಯ ರಕ್ತವುಳ್ಳ ಈ ಬಳ್ಳಿ ಆಂಗ್ಲರ ಕಾಲದಲ್ಲಿ ಇಲ್ಲಿಗೆ ಬಂದು ನೆಲೆಸಿತು; ಸುಮಾರು ನೂರೈವತ್ತು ವರ್ಷ ನಮ್ಮ ರೈತರ ಕೈಯಲ್ಲಿ ಬೆಳೆದು ಬೆಂಗಳೂರಿನದೆನಿಸಿತು. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ದೊರೆಯಿತು.

ಊರಿನ ಹೆಸರನ್ನು ಹಣ್ಣಿಗೆ ಕಟ್ಟುವ ಈ ಪದ್ಧತಿ ನಮ್ಮವರಿಗೆ ಹೊಸದಲ್ಲ. ಈಗಿನ ಕಾಬೂಲಿನ ಉತ್ತರಕ್ಕಿದ್ದ ಕಾಪಿಶೀ ಎಂಬ ನಗರದ ಹೆಸರಿನಿಂದ ಪದವನ್ನು ಸಾಧಿಸುವುದಕ್ಕಾಗಿಯೇ ಪಾಣಿನಿಯು ಒಂದು ಸೂತ್ರವನ್ನು ರಚಿಸಿರುವನು. ಅದರಂತೆ ಕಾಪಿಶಾಯನವೆಂದರೆ ಆ ಊರಿನ ಮಧು. ಕಾಪಿಶಾಯನಿಯೆಂದರೆ ಆ ಊರಿನ ದ್ರಾಕ್ಷೆ. ಕೌಟಿಲ್ಯನೂ ದ್ರಾಕ್ಷಾಮದ್ಯವನ್ನು ಅದು ಹುಟ್ಟಿದ ದೇಶದ ಹೆಸರಿನಿಂದಲೇ ಗುರುತಿಸಿದನು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಮಾತಿಗೂ 2013ರ ನೋಂದಣಿಗೂ ತತ್ತ್ವ ಒಂದೇ: ಹಣ್ಣಿನ ಗುಣವು ನೆಲದ ಗುಣ. ಇಂದು ಕಾಪಿಶೀ ಅಗೆದು ತೆಗೆದ ಪಾಳು ದಿಬ್ಬ. ವ್ಯಾಕರಣದ ಸೂತ್ರ ಮಾತ್ರ ಉಳಿದಿರುವುದು.

ಊಟವಾದ ಮೇಲೆ ಹಿರಿಯರು ನಮ್ಮನ್ನು ತಮ್ಮ ಹಳೆಯ ಬಾವಿಯ ಕಟ್ಟೆಗೆ ಕರೆದೊಯ್ದರು. ಇಣುಕಿದರೆ ಒಳಗೆ ಆಲದ ಸಸಿಯೊಂದು ಬೆಳೆದಿದ್ದಿತು. “ಇಲ್ಲಿ ನಲವತ್ತು ಅಡಿಗೆ ನೀರಿತ್ತು ಸ್ವಾಮಿ, ಕಪಿಲೆ ಹೊಡೆದಿದ್ದೇನೆ. ಈಗ ಕೊಳವೆಬಾವಿ ಸಾವಿರದ ಇನ್ನೂರು ಅಡಿ. ಮೂರು ಕೊರೆಸಿದೆ, ಎರಡು ಬತ್ತಿತು” ಎಂದರು. ಹನಿ ನೀರಾವರಿಯ ಕಪ್ಪು ಕೊಳವೆಗಳು ಬಳ್ಳಿಯ ಬುಡಕ್ಕೆ ತೊಟ್ಟು ತೊಟ್ಟಾಗಿ ನೀರು ಬಿಡುತ್ತಿದ್ದುವು. ಬೇಲಿಯ ಆಚೆಗೆ ನೋಡಿದರೆ ನೆರೆಯವರ ಭೂಮಿಯಲ್ಲಿ ಚಪ್ಪರವಿರಲಿಲ್ಲ. ಕಿತ್ತ ಕಲ್ಲುಕಂಬಗಳನ್ನು ಒಂದು ಕಡೆ ಅಡಕಿದ್ದರು. ಬಿಳಿಯ ಸುಣ್ಣದ ಗೆರೆಗಳು, ನಿವೇಶನದ ಸಂಖ್ಯೆ ಬರೆದ ಚಿಕ್ಕ ಕಲ್ಲುಗಳು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣವಾದ ಮೇಲೆ ಈ ಸೀಮೆಯ ಭೂಮಿಗೆ ಬಂದ ಬೆಲೆಯನ್ನು ಯಾವ ಫಸಲೂ ಕೊಡಲಾರದು. ಅದೇ ದೇವನಹಳ್ಳಿಯ ಚಕ್ಕೋತಕ್ಕೂ ಇಂಥದೇ ನೋಂದಣಿಯುಂಟು. ಇಂದು ಆ ಮರಗಳನ್ನು ಹುಡುಕಿ ನೋಡಬೇಕಾಗಿರುವುದು.

ಶಿಷ್ಯನು ಲೆಕ್ಕದ ಪುಸ್ತಕವನ್ನು ತಂದಿಟ್ಟನು. ಕಾರ್ಖಾನೆಯಲ್ಲಿ ದುಡಿಯುವವನ ಲೆಕ್ಕ. ಒಂದು ರೂಪಾಯಿಯೂ ತಪ್ಪಿರಲಿಲ್ಲ. ಗೊಬ್ಬರ, ಔಷಧಿ, ಕೂಲಿ, ಕೊಳವೆಬಾವಿಯ ಸಾಲ. ಒಳ್ಳೆಯ ವರ್ಷದಲ್ಲಿ ಉಳಿದುದು ಕೆಟ್ಟ ವರ್ಷದಲ್ಲಿ ಹೋಗಿದ್ದಿತು. ಬೆಳಗ್ಗೆ ನಾವು ಕಂಡ ದೊಡ್ಡ ತೋಟದವರಿಗೂ ಇವರಿಗೂ ಇರುವ ಭೇದವು ಈಗ ಸ್ಪಷ್ಟವಾಯಿತು. ಮಣ್ಣು ಒಂದೇ, ಬಿಸಿಲು ಒಂದೇ. ಆದರೆ ಅವರ ಹಣ್ಣು ತಮ್ಮದೇ ತೊಟ್ಟಿಯಲ್ಲಿ ಇಳಿದು, ಶೀಷೆಯಲ್ಲಿ ಕುಳಿತು, ವರ್ಷಗಟ್ಟಲೆ ಬೆಲೆಗಾಗಿ ಕಾಯಬಲ್ಲುದು. ಇವರ ಹಣ್ಣು ಕೊಯ್ದ ಮೂರನೆಯ ದಿನ ಮೆತ್ತಗಾಗುವುದು. ಕಾಯಬಲ್ಲವನಿಗೆ ದ್ರಾಕ್ಷೆ ಉಳಿಯಿತು, ಕಾಯಲಾರದವನಿಗೆ ಉಳಿಯಲಿಲ್ಲ.

“ಮೇಷ್ಟ್ರೇ, ಅಪ್ಪನಿಗೆ ಹೇಳಿ” ಎಂದನು ಶಿಷ್ಯ. ಹಿರಿಯರು ನಮ್ಮನ್ನು ನೋಡುತ್ತ, “ಓದಿದವರು ನೀವು. ಹೇಳಿ ಸ್ವಾಮಿ, ಮಾರುವುದು ಸರಿಯೋ?” ಎಂದರು.

ನಮಗೆ ಒಡನೆಯೇ ಉತ್ತರ ತೋರಲಿಲ್ಲ. ಭೂಮಿಯನ್ನು ತಾಯಿಯೆಂದು ಸಾರುವ ಸೂಕ್ತಿಗಳು ಹತ್ತಾರು ನಾಲಿಗೆಯ ತುದಿಯಲ್ಲಿದ್ದುವು. ಆದರೆ ನಾಗಸಂದ್ರದಲ್ಲಿ ನಾವು ವಾಸಿಸುವ ಮನೆಯೇ ಯಾರದೋ ರಾಗಿಯ ಹೊಲದ ಮೇಲೆ ನಿಂತಿರುವುದು. ಆ ನಿವೇಶನವನ್ನು ಕೊಂಡ ದಿನ, ಮಾರಿದವನ ತಂದೆ ಹೊಲದ ಬದುವಿನ ಮೇಲೆ ಕುಳಿತು ಏನನ್ನೋ ನೋಡುತ್ತಿದ್ದುದು ನಮಗೆ ಇಂದಿಗೂ ನೆನಪಿದೆ. ಅಂದು ನಾವು ಅವರನ್ನು ಒಂದು ಮಾತೂ ಕೇಳಲಿಲ್ಲ. ಕ್ರಯಪತ್ರದ ಕಡೆಗೇ ನಮ್ಮ ಗಮನ. ಹೀಗಿರುವ ನಾವು ಇನ್ನೊಬ್ಬರಿಗೆ ‘ಮಾರಬೇಡಿ’ ಎಂದು ಉಪದೇಶಿಸುವ ಅಧಿಕಾರ ಎಲ್ಲಿಂದ ಬಂದಿತು? ‘ಮಾರಿರಿ’ ಎನ್ನುವುದಕ್ಕೂ ಬಾಯಿ ಬರಲಿಲ್ಲ. ಇದ್ದುದನ್ನು ಇದ್ದಂತೆಯೇ ಹೇಳಿದೆವು. ಲೆಕ್ಕವು ಮಗನ ಪಕ್ಷದಲ್ಲಿದೆ. ಅವನು ಆಸೆಬುರುಕನಲ್ಲ, ಸಾಲಕ್ಕೆ ಹೆದರಿದವನು. ಆದರೆ ಲೆಕ್ಕದ ಪುಸ್ತಕದಲ್ಲಿ ತಂದೆಯ ಕೂಲಿಯನ್ನು ಎಲ್ಲಿಯೂ ಬರೆದಿಲ್ಲ; ನಲವತ್ತು ವರ್ಷ ಬರೆಯದೆ ಬಿಟ್ಟ ಆ ಕೂಲಿಯ ಲೆಕ್ಕದಲ್ಲಿ ತೋಟವು ಅವರದೇ. ಮಾರುವುದೋ ಬಿಡುವುದೋ ಎಂದು ನಾಲ್ಕು ಎಕರೆಯನ್ನೂ ಒಟ್ಟಿಗೆ ಏಕೆ ತೂಗಬೇಕು? ಸಾಲ ತೀರುವಷ್ಟಕ್ಕೆ ಎಷ್ಟು ಬೇಕು, ಒಂದೇ ಕೊಳವೆಬಾವಿಯ ನೀರಿಗೆ ಎಷ್ಟು ಬಳ್ಳಿ ಬದುಕುವುದು, ಇವೆರಡನ್ನು ಮೊದಲು ಬರೆಯಿರಿ ಎಂದೆವು. ಹಿರಿಯರು ಉತ್ತರ ಕೊಡಲಿಲ್ಲ. ಎದ್ದು ಹೋಗಿ ಗೊಂಚಲೊಂದರಲ್ಲಿದ್ದ ಒಡೆದ ಹಣ್ಣುಗಳನ್ನು ಕತ್ತರಿಯಿಂದ ಒಂದೊಂದಾಗಿ ತೆಗೆಯತೊಡಗಿದರು. ಶಿಷ್ಯನು ಸ್ವಲ್ಪ ಹೊತ್ತು ನೋಡುತ್ತಿದ್ದು, ತಾನೂ ಹೋಗಿ ಪಕ್ಕದ ಸಾಲಿನಲ್ಲಿ ಅದೇ ಕೆಲಸಕ್ಕೆ ನಿಂತನು.

ಸಂಜೆ ನಂದಿಗ್ರಾಮಕ್ಕೆ ಹೋಗಿ ಭೋಗನಂದೀಶ್ವರನ ದರ್ಶನ ಮಾಡಿದೆವು. ಒಂಬತ್ತನೆಯ ಶತಮಾನದಷ್ಟು ಹಿಂದಿನ ಈ ದೇವಾಲಯದಲ್ಲಿ ಶಿವರಾತ್ರಿಯ ರಥೋತ್ಸವಕ್ಕಾಗಿ ತೇರನ್ನು ಸಿಂಗರಿಸುತ್ತಿದ್ದರು. ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವಿನ ಸೈನಿಕರು ಪಾರಸೀಕರನ್ನು ಗೆದ್ದು, ದ್ರಾಕ್ಷೆಯ ಬಳ್ಳಿ ಸುತ್ತುವರಿದ ನೆಲದ ಮೇಲೆ ಚರ್ಮಗಳನ್ನು ಹಾಸಿಕೊಂಡು ಮಧುವನ್ನು ಕುಡಿದು ದಣಿವಾರಿಸಿಕೊಂಡರೆಂದು ಕಾಳಿದಾಸನು ವರ್ಣಿಸಿರುವನು. ಅದನ್ನು ಪಾಠ ಹೇಳುವಾಗ ನಾವು ಗೆದ್ದವರ ದಣಿವನ್ನು ಮಾತ್ರ ವಿವರಿಸುತ್ತಿದ್ದೆವು. ಆ ತೋಟ ಯಾರದೆಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ, ನಮಗೂ ಹೊಳೆದಿರಲಿಲ್ಲ.

ಯುಗಾದಿಯ ಮರುದಿನ ಶಿಷ್ಯನು ಬೇವುಬೆಲ್ಲವನ್ನು ಕೊಟ್ಟು ನಮಸ್ಕರಿಸಿ ವಿಷಯವನ್ನು ತಿಳಿಸಿದನು. ರಸ್ತೆಯ ಕಡೆಯ ಎರಡು ಎಕರೆಯನ್ನು ಮಾರಿದರು, ಸಾಲ ತೀರಿತು. ಬಾವಿಯ ಕಡೆಯ ಎರಡು ಎಕರೆ ಹಿರಿಯರು ಇರುವವರೆಗೆ ಹಾಗೆಯೇ. “ಅಪ್ಪ ಈ ಸಲದ ಸವರುವ ಕೆಲಸಕ್ಕೆ ಆಳು ಬೇಡವೆಂದರು, ನನ್ನನ್ನೇ ಕರೆದಿದ್ದಾರೆ” ಎಂದನು. ಇದು ಗೆಲವೋ ಸೋಲೋ ನಾವು ನಿರ್ಣಯಿಸಲಾರೆವು. ಅರ್ಧ ಉಳಿಯಿತು, ಅರ್ಧ ಹೋಯಿತು.

ಈ ಪ್ರವಾಸವನ್ನು ಕೈಕೊಳ್ಳುವ ವಾಚಕರಿಗೆ ಎರಡು ಮಾತು. ಫ್ರೆಂಚ್ ತಳಿಗಳ ತೋಟವನ್ನು ನೋಡಬೇಕಾದರೆ ಫೆಬ್ರವರಿ ಮಾರ್ಚ್ ತಿಂಗಳುಗಳೇ ಸರಿ. ಬೆಳಗ್ಗೆ ಬೇಗನೆ ಹೊರಟರೆ ಸಂಜೆಗೆ ಮನೆ ಸೇರಬಹುದು. ಹಿಂದಿರುಗುವಾಗ ದಾರಿಯ ಪಕ್ಕದ ತೋಟದಲ್ಲಿಯೇ ನೀಲಿದ್ರಾಕ್ಷೆಯನ್ನು, ಸಾಧ್ಯವಾದರೆ ಬೆಳೆದವನ ಕೈಯಿಂದಲೇ, ಚೌಕಾಸಿ ಮಾಡದೆ ಕೊಳ್ಳಬೇಕು. ನಮ್ಮ ಮನೆಯವರು ತಂದ ಬುಟ್ಟಿಯಿಂದ ಒಂದು ವಾರ ಪಾನಕವಾಯಿತು. ಉಳಿದುದು ಸಾರಿಗೂ ಆಯಿತು.

ಅಂದು ಹೊರಡುವಾಗ ಹಿರಿಯರು ಬೇರು ಬಿಟ್ಟ ನೀಲಿದ್ರಾಕ್ಷೆಯ ಕಡ್ಡಿಯೊಂದನ್ನು ಮಣ್ಣಿನ ಚೀಲದೊಡನೆ ಕೊಟ್ಟಿದ್ದರು. ನಮ್ಮ ಕಾಂಪೌಂಡು ಗೋಡೆಗೂ ಮನೆಗೂ ನಡುವೆ ಮಣ್ಣು ಕಾಣುವ ಜಾಗ ಮೂರು ಅಡಿ. ಅಲ್ಲಿ ಅಗೆದಾಗ ಕೆಳಗೆ ಹಳೆಯ ಹೊಲದ ಕೆಂಪು ಮಣ್ಣು ಸಿಕ್ಕಿತು. ಅದರಲ್ಲಿಯೇ ನೆಟ್ಟಿರುವೆವು, ನಾಲ್ಕು ಎಲೆ ಬಂದಿರುವುವು.